ಎರೆಭೂಮಿಯ ಮರ ಮತ್ತು ಕೊಡಲಿಯ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿಯ ಬಯಲಿನಲ್ಲಿ ಮರ ಉರುಳುವ ಕಾಲ ಹೆಚ್ಚುಕಡಿಮೆ ಗೊತ್ತಾದದ್ದೇ: ಬೇಸಿಗೆ ಮುಗಿದು ಮುಂಗಾರು ಇನ್ನೂ ಕಾಲೂರದ ಆ ಕೆಲವು ವಾರ. ದೂರು ಗಾಳಿಯ ಮೇಲೆ ಹೋಗುತ್ತದೆ, ಆದರೆ ಅರ್ಧ ಕೆಲಸ ನೆಲದ್ದು. ಏಪ್ರಿಲ್ ಹೊತ್ತಿಗೆ ಎರೆಮಣ್ಣು ಒಣಗಿ, ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲ್ಪದರದಲ್ಲಿ ಹರಡಿದ ಎಳೆ ಬೇರುಗಳು ಬಿರುಕಿನೊಂದಿಗೇ ಹರಿಯುತ್ತವೆ. ಹಿಂದೆಯೇ ಗುಡುಗಿನ ಮಳೆ ಬಂದರೆ ನೀರು ಬಿರುಕಿಗೆ ಇಳಿದು ಬುಡ ಮೆತ್ತಗಾಗುತ್ತದೆ, ಮಳೆಯ ಜೊತೆಗೇ ಬಿರುಗಾಳಿಯೂ ಬರುತ್ತದೆ. ಇಂಥ ನೆಲದಲ್ಲಿ ತಲೆಭಾರದ ಮರ ತಾನಾಗಿ ಬಹಳ ಕಾಲ ನಿಲ್ಲುವುದು ಕಷ್ಟ, ಅದರ ಭಾರ ಇಳಿಸುವ ಕೈ ಬೇಕು. ಹವಳಗಾದಂಥ ಭೀಮಾತೀರದ ಊರುಗಳಲ್ಲಿ ಆ ಕೈ ಹಿಂದೆ ಯಾರದಿತ್ತು ಎಂದು ಹುಡುಕಿದರೆ ತೋಟಗಾರನೂ ಸಿಗುವುದಿಲ್ಲ, ಅರಣ್ಯ ಇಲಾಖೆಯೂ ಸಿಗುವುದಿಲ್ಲ. ಇಲ್ಲಿ ಮರವನ್ನು ನಿಲ್ಲಿಸಿದವರು ವರ್ಷವರ್ಷ ಅದರಿಂದ ಒಂದಿಷ್ಟು ಕಡಿದುಕೊಳ್ಳುತ್ತಿದ್ದವರೇ.

ಬದುವಿನ ಕರಿಜಾಲಿಯನ್ನೇ ನೋಡಿ. ನೊಗ, ಕುಂಟೆ, ಕೂರಿಗೆ, ಬಂಡಿಗಾಲಿಯ ಗುಂಬ ಎಲ್ಲಕ್ಕೂ ಅದೇ ಕಟ್ಟಿಗೆ. ಆಯ ಪಡೆದು ಊರಿನ ಒಕ್ಕಲುತನದ ಸಾಮಾನು ಮಾಡಿಕೊಡುತ್ತಿದ್ದ ಬಡಿಗನಿಗೆ ನೆಟ್ಟಗಿನ ಬೊಡ್ಡೆ ಬೇಕು, ಆದ್ದರಿಂದ ಎಳೆಯದರಲ್ಲೇ ಅಡ್ಡ ಟೊಂಗೆ ಸವರಿ ಬಿಡುವುದರಲ್ಲಿ ರೈತನಿಗೆ ಲಾಭವಿತ್ತು. ಸವರಿದ ಮುಳ್ಳು ಹೊಲಕ್ಕೆ ಬೇಲಿಯಾಯಿತು, ಸೊಪ್ಪು-ಕಾಯಿ ಆಡಿಗೆ ಮೇವಾಯಿತು. ಗಳಕ್ಕೆ ಕುಡುಗೋಲು ಕಟ್ಟಿ ಟೊಂಗೆ ಎಳೆಯುವ ಕುರಿಗಾರ ಬೋಳು ಮಾಡಿದ್ದೂ ಉಂಟು. ಆದರೆ ಮುಂದಿನ ಬೇಸಿಗೆಗೂ ಅದೇ ಮರದ ಕೆಳಗೆ ಬರಬೇಕಾದವನು ಅವನು. ಅಡುಗೆ ಒಲೆಯ ಒತ್ತಡವೂ ಮರದ ಮೇಲೆ ಪೂರ್ತಿ ಬೀಳಲಿಲ್ಲ. ತೊಗರಿಯ ನಾಡಿನಲ್ಲಿ ತೊಗರಿ ಕಟ್ಟಿಗೆ, ಜೊತೆಗೆ ಕುಳ್ಳು, ಅದರ ಬಹುಪಾಲನ್ನು ಹೊತ್ತವು.

ಈ ಮಾತಿಗೆ ಎಲ್ಲಕ್ಕಿಂತ ಸ್ಪಷ್ಟ ಸಾಕ್ಷಿ ಹಳ್ಳದ ದಂಡೆಯ ಸಿಂದಿ ಗಿಡ, ಅಂದರೆ ಈಚಲು. ಈಳಿಗೇರ ರಸ ಇಳಿಸಲು ತಲೆಯ ಕೆಳಗೆ ಒಂದು ಮಗ್ಗುಲಿನ ಗರಿ ಸವರಿ, ಮೆತ್ತಗಿನ ಭಾಗವನ್ನು ಕೆತ್ತಿ, ಮಡಕೆ ಕಟ್ಟುತ್ತಿದ್ದ. ಮರುವರ್ಷ ಅದೇ ಮಗ್ಗುಲನ್ನು ಮುಟ್ಟುತ್ತಿರಲಿಲ್ಲ, ಎದುರು ಮಗ್ಗುಲಿಗೆ ಹೋಗುತ್ತಿದ್ದ. ಹೀಗೆ ಎಡಕ್ಕೊಂದು ಬಲಕ್ಕೊಂದು ಗಾಯ ಬೀಳುತ್ತ ಕಾಂಡ ಗರಗಸದ ಹಲ್ಲಿನಂತೆ ಬೆಳೆಯುತ್ತಿತ್ತು. ಆ ಹಲ್ಲುಗಳನ್ನು ಎಣಿಸಿ ಎಷ್ಟು ವರ್ಷ ರಸ ಕೊಟ್ಟ ಗಿಡವೆಂದು ಹೇಳಬಹುದಿತ್ತು. ಒಂದೇ ಕಡೆ ಕೆತ್ತಿದರೆ ಕಾಂಡ ಅಲ್ಲೇ ಸೊರಗಿ ಗಾಳಿಗೆ ಮುರಿಯುತ್ತದೆ. ಕಡಿತವನ್ನು ಗಾಳಿಗೆ ಹೊಂದಿಸುವ ಈ ಜಾಣತನ ಹುಟ್ಟಿದ್ದು ಮರದ ಮೇಲಿನ ಭಕ್ತಿಯಿಂದ ಅಲ್ಲ, ಮುಂದಿನ ಹಂಗಾಮಿನ ಆಸೆಯಿಂದ.

ಆಗ ಈ ಸೀಮೆಯನ್ನು ಆಳುತ್ತಿದ್ದ ನಿಜಾಮನ ಸರಕಾರಕ್ಕೂ ಆ ಆಸೆಯಲ್ಲಿ ಪಾಲಿತ್ತು. ಗಿಡಕ್ಕೆ ಇಷ್ಟೆಂದು ಅಬಕಾರಿ ತೆರಿಗೆ, ಹಾಗಾಗಿ ಸಿಂದಿ ಗಿಡ ಎಂದರೆ ಬೊಕ್ಕಸ. 1947ರ ಆಗಸ್ಟ್‌ನಲ್ಲಿ ಸ್ವಾಮಿ ರಾಮಾನಂದ ತೀರ್ಥರ ಮುಂದಾಳತನದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಭಾರತ ಸೇರುವ ಚಳವಳಿ ಹೂಡಿದಾಗ ಸಿಂದಿ ಗಿಡ ಕಡಿಯುವುದು ಅದರ ಒಂದು ಅಸ್ತ್ರವಾಯಿತು. ಏಟು ಗಿಡದ ಮೇಲೆ ಬಿದ್ದರೂ ಗುರಿ ಬೊಕ್ಕಸವೇ. ಕಾರಣ ಬಲವಾದದ್ದು, ಸಂಶಯವಿಲ್ಲ. ಆದರೂ ಗಾಯ ಮಾಡಿ ಉಳಿಸಿಕೊಳ್ಳುತ್ತಿದ್ದ ಗಿಡವನ್ನು ಬುಡಕ್ಕೇ ಕಡಿದು ಬಿಡುವುದು ಊರುಗಳಿಗೆ ಹೊಸ ಬಗೆಯ ಕೊಡಲಿ ಕೆಲಸ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು.

ಹಳೆಯದನ್ನು ಹೀಗೆ ಹೊಗಳುವುದಕ್ಕೆ ಆಕ್ಷೇಪಗಳುಂಟು. ಬರ ಬಂದಾಗ, 1876-78ರಲ್ಲಾಗಲಿ 1972ರಲ್ಲಾಗಲಿ, ಮುಂದಿನ ವರ್ಷದ ಲೆಕ್ಕ ಹಾಕುವ ತಾಳ್ಮೆ ಯಾರಿಗಿರುತ್ತದೆ? ಈ ವರ್ಷವೇ ದಾಟದವರಿಗೆ ಮುಂದಿನ ಹಂಗಾಮಿನ ಮಾತು ಹೇಳಿ ಪ್ರಯೋಜನವಿಲ್ಲ. ಆಯದ ಪದ್ಧತಿಯೂ ಜಾತಿಗೆ ಕಟ್ಟುಬಿದ್ದ ದುಡಿಮೆ, ಅದು ಮರಳಿ ಬರಲಿ ಎನ್ನಲಾಗದು. ಎರಡೂ ಒಪ್ಪತಕ್ಕವೇ. ಮೂರನೆಯದನ್ನು ಮಾತ್ರ ಒಪ್ಪುವುದು ಕಷ್ಟ: ಮರ ಉಳಿಸಿದ್ದು ದೇವರ ಹೆಸರು, ಬಳಕೆ ಅಲ್ಲ ಎನ್ನುವುದು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ-ಅಮರ್ಜಾ ಸಂಗಮದ ದತ್ತ ಕ್ಷೇತ್ರದಲ್ಲಿ, ಔದುಂಬರ-ಅಶ್ವತ್ಥಗಳಿಗೆ ಕೊಡಲಿ ತಾಕಿಸುವ ಮಾತೇ ಇಲ್ಲ. ಒಣಗಿದ ಔದುಂಬರದ ಕೊರಡಿಗೆ ನೀರೆರೆದು ಚಿಗುರಿಸಿದ ಗುರುಚರಿತ್ರೆಯ ಕಥೆ ಅಲ್ಲಿ ಮನೆಮಾತು. ಕೊಡಲಿಯಿಂದ ಕಾಯುವುದು ದೊಡ್ಡದೇ. ಆದರೆ ಒಣ ಟೊಂಗೆಯನ್ನೂ ಮುಟ್ಟಬಾರದೆಂಬ ನೇಮ ಭಕ್ತರ ತಲೆಯ ಮೇಲೇ ಭಾರ ಬೆಳೆಸುತ್ತದೆ. ಮೊದಲು ಗಾರೆಯಿಲ್ಲದೆ ಕಲ್ಲು ಜೋಡಿಸಿದ ಕಟ್ಟೆ ನೀರು ಬಿಡುತ್ತಿತ್ತು; ಊರೂರಲ್ಲಿ ಈಗ ಬುಡಕ್ಕೆ ಸಿಮೆಂಟ್ ಮೆತ್ತಿ, ಮೇಲೆ ಟೈಲ್ಸ್ ಹಾಕುವ ಭಕ್ತಿ ಬೇರನ್ನೇ ಉಸಿರುಗಟ್ಟಿಸುತ್ತದೆ.

ಬದಲಾವಣೆ ಬಂದದ್ದು ಟ್ರ್ಯಾಕ್ಟರಿನ ಜೊತೆ. ಕಬ್ಬಿಣದ ಸಾಮಾನಿಗೆ ಜಾಲಿ ಬೇಡ, ಬಡಿಗ ಬೇಡ. ನದಿಯ ನೀರು ಹೊಲಕ್ಕೆ ಹತ್ತಿ, ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಎದ್ದಮೇಲೆ ಬದುವಿನ ನೆರಳು ಕಬ್ಬಿಗೆ ಕಳೆ ಎನಿಸಿತು. 1877ರಲ್ಲಿ ಕಡಪಾ ಸೀಮೆಗೆ ಬೀಜವಾಗಿ ಬಂದ ಬಳ್ಳಾರಿ ಜಾಲಿ ಪಾಳು ನೆಲ ತುಂಬಿತು. ರಸ್ತೆ ಬದಿಗೆ, ಕಚೇರಿ ಅಂಗಳಕ್ಕೆ ಬಂದ ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಹೂವಿಗೆ ಚೆಂದ, ಬೇರಿಗೆ ಮೇಲುಮೇಲಿನದು, ಟೊಂಗೆಗೆ ಪೆಳಸು. ಹುಣಸೆ-ಬೇವು ತಡೆಯುವ ಗಾಳಿಗೆ ಅದು ಮುರಿದುಬೀಳುತ್ತದೆ. ಗುಲ್‌ಮೊಹರಿನ ಟೊಂಗೆಯಿಂದ ಯಾರಿಗೂ ಹೇಳಿಕೊಳ್ಳುವಂಥ ಲಾಭವಿಲ್ಲ, ಆದ್ದರಿಂದ ಯಾರೂ ಹತ್ತುವುದೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕಡಿಯುವುದರ ಅರ್ಥದೊಳಗೇ ಟೊಂಗೆ ಸವರುವುದನ್ನೂ ಸೇರಿಸಿತು. ಸವರುತ್ತ ಸವರುತ್ತ ಮರ ಸಾಯಿಸುವ ಉಪಾಯ ಬಲ್ಲವರಿಗೆ ಈ ಬಿಗಿ ಏಕೆಂದು ತಿಳಿಯುತ್ತದೆ. ಆದರೆ ಮರವನ್ನು ಹೇಗೆ ಸವರಬೇಕು, ಸವರಬಲ್ಲವರು ಯಾರು ಎಂಬುದು ಕಾಯ್ದೆಯಿಂದ ಹುಟ್ಟುವ ವಿದ್ಯೆಯಲ್ಲ.

ಹೀಗಾಗಿ ಇಂದು ಮರ ಹತ್ತುವವರಲ್ಲಿ ಉಳಿದದ್ದು ಇಬ್ಬರು: ಮುಂಗಾರಿಗೆ ಮೊದಲು ತಂತಿ ಬಿಡಿಸಲು ಬರುವ ವಿದ್ಯುತ್ ಕಂಪನಿಯ ಆಳು, ಮರವನ್ನು ಗುತ್ತಿಗೆ ಹಿಡಿದು ಅಡ್ಡೆಗೆ ಸಾಗಿಸುವ ವ್ಯಾಪಾರಿ. ಲೈನ್‌ಮನ್ ಕಲಿತದ್ದು ತಂತಿಯ ಕೆಲಸ. ತಂತಿಯ ಕಡೆಯ ಟೊಂಗೆಯಷ್ಟೇ ತೆಗೆದರೆ ಮರ ಒಂದು ಮಗ್ಗುಲಿಗೆ ವಾಲುತ್ತದೆ. ತಲೆ ಹಾರಿಸಿದರೆ ಮೊಂಡಿನ ಅಂಚಿನಲ್ಲಿ ಗುಂಪು ಚಿಗುರು ಏಳುತ್ತದೆ. ಅದು ತೊಗಟೆಗೆ ಅಂಟಿದ ಚಿಗುರು, ದಪ್ಪಗಾದಮೇಲೆ ಮೊದಲ ಬಿರುಗಾಳಿಗೆ ಕಳಚುತ್ತದೆ. ದಪ್ಪ ಟೊಂಗೆಗೆ ಮೊದಲು ಕೆಳಗಿನಿಂದ ಒಂದು ಕೊರೆತ ಹಾಕಿ, ಆಮೇಲೆ ಮೇಲಿನಿಂದ ಗರಗಸ ಎಳೆದು, ಕೊನೆಗೆ ಉಳಿದ ಮೋಟನ್ನು ಟೊಂಗೆಯ ಬುಡದ ಉಬ್ಬಿನ ಆಚೆಗೆ ತೆಗೆಯಬೇಕು. ಮೇಲಿನಿಂದಲೇ ಕೊಡಲಿ ಬಿದ್ದರೆ ಟೊಂಗೆ ತನ್ನ ಭಾರಕ್ಕೆ ತೊಗಟೆ ಸೀಳಿಕೊಂಡು ಇಳಿಯುತ್ತದೆ, ಆ ಗಾಯದಲ್ಲಿ ಹುಳು ಹೊಗುತ್ತದೆ. ಕುರಿಗಾರನ ಗಳ ಹನ್ನೊಂದು ಸಾವಿರ ವೋಲ್ಟಿನ ತಂತಿಯ ಹತ್ತಿರ ಹೋಗಲಾಗದು, ಅದು ಸರಿಯಾದ ಮಾತು. ಆದರೆ ಅರ್ಧ ದಿನ ಕರೆಂಟು ತೆಗೆದು, ಸವರಿದ ಸೊಪ್ಪು-ಕಟ್ಟಿಗೆಯನ್ನು ಸವರಿದವನಿಗೇ ಬಿಟ್ಟುಕೊಟ್ಟರೆ, ಎರಡು ವರ್ಷಕ್ಕೊಮ್ಮೆ ಹತ್ತಲು ಅವನಿಗೆ ಮತ್ತೆ ಕಾರಣ ಸಿಗುತ್ತದೆ. ಗುತ್ತಿಗೆದಾರನಿಗಾದರೆ ಬುಡದವರೆಗೆ ಬಂದರಷ್ಟೇ ಗಿಟ್ಟುತ್ತದೆ.