ಲಿಕ್ಷೆ

ಅಜ್ಜಿಯ ಸೀರಣಿಗೆಗೆ ತಲೆಕೊಟ್ಟವರಿಗೆ ಈ ಅಳತೆ ಗೊತ್ತೇ ಇರುತ್ತದೆ. ಸಂಸ್ಕೃತದ 'ಲಿಕ್ಷಾ' ಎಂದರೆ ಹೇನಿನ ಮೊಟ್ಟೆ, ನಮ್ಮ ಸೀರು. ಹಿಂದಿಯ 'ಲೀಖ್' ಇದರದೇ ಸವೆದ ರೂಪ.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ಉದ್ದದ ಮಾನ. ಎಂಟು ಪರಮಾಣು ಸೇರಿದರೆ ರಥದ ಗಾಲಿ ಎಬ್ಬಿಸಿದ ಒಂದು ಧೂಳಿನ ಕಣ. ಅಂಥ ಎಂಟು ಒಂದು ಲಿಕ್ಷೆ. ಎಂಟು ಲಿಕ್ಷೆ ಒಂದು ಯೂಕ, ಅಂದರೆ ಹೇನು. ಎಂಟು ಹೇನು ಒಂದು ಜವೆಯ ನಡು. ಎಂಟು ಜವೆ ಒಂದು ಅಂಗುಲ. ಅಲ್ಲಿಗೆ ಅಂಗುಲಕ್ಕೆ 512 ಲಿಕ್ಷೆ, 32,768 ಪರಮಾಣು.

ಅಂಗುಲವನ್ನು ಸುಮಾರು 19 ಮಿಲಿಮೀಟರ್ ಎಂದು ಹಿಡಿದರೆ ಲಿಕ್ಷೆಗೆ 37 ಮೈಕ್ರಾನ್ ಬರುತ್ತದೆ. ಸುಮಾರು 70 ಮೈಕ್ರಾನ್ ದಪ್ಪದ ತಲೆಗೂದಲು ಎರಡು ಲಿಕ್ಷೆಯಾಯಿತು. ಏಳೆಂಟು ಮೈಕ್ರಾನಿನ ಕೆಂಪು ರಕ್ತಕಣಕ್ಕೆ ರಥದ ಧೂಳು ಒಂದೂವರೆ ಸಾಕು. ಒಂದು ಮೈಕ್ರಾನ್ ಎಂದರೆ ಎರಡು ಪರಮಾಣುವಿಗೂ ಕಡಿಮೆ. ಇದು ರಸಾಯನಶಾಸ್ತ್ರದ ಪರಮಾಣುವಲ್ಲ, ಅದಕ್ಕಿಂತ ಸಾವಿರಾರು ಪಟ್ಟು ದಪ್ಪ.

ಆದರೆ ನಿಜವಾದ ಸೀರು ಮುಕ್ಕಾಲು ಮಿಲಿಮೀಟರ್‌ನಷ್ಟಿರುತ್ತದೆ, ಲೆಕ್ಕದ ಲಿಕ್ಷೆಯ ಇಪ್ಪತ್ತು ಪಟ್ಟು! ಕೋಷ್ಟಕ ಬರೆದವರು ಸೀರನ್ನು ಅಳೆದಿರಲಾರರು. ಎಂಟರ ಮಗ್ಗಿಗೆ ಹೆಸರು ಹುಡುಕಿರಬೇಕು.