ಎಡಿಎಚ್‌ಡಿ: ಗೋಕಾಕ, ಮೂಡಲಗಿ, ಹುಕ್ಕೇರಿ ಪಾಲಕರು ಚಿಕಿತ್ಸಕರನ್ನು ಎಲ್ಲಿ ಹುಡುಕಬೇಕು?

ತರಗತಿಯಲ್ಲಿ ಕುಳಿತಲ್ಲಿ ಕೂಡದ, ಬರೆಯತೊಡಗಿದ್ದನ್ನು ಅರ್ಧಕ್ಕೇ ಬಿಡುವ, ಪಾಟಿಚೀಲವನ್ನು ದಿನಕ್ಕೊಂದು ಕಡೆ ಮರೆತು ಬರುವ ಮಗುವಿಗೆ 'ಉಡಾಳ' ಎಂಬ ಹೆಸರು ಬಹುಬೇಗ ಅಂಟಿಕೊಳ್ಳುತ್ತದೆ. ಆದರೆ ಇಂಥ ಕೆಲವು ಮಕ್ಕಳದು ಉಡಾಳತನವಲ್ಲ. ಅದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ವೈದ್ಯರು ಎಡಿಎಚ್‌ಡಿ ಎಂದು ಕರೆಯುವ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಬೈಗುಳ, ಹೊಡೆತಗಳಿಂದ ಅದು ಗುಣವಾಗದು. ಮಗು ಶಾಲೆಯಿಂದ ದೂರವಾಗುವ ಅಪಾಯ ಮಾತ್ರ ಹೆಚ್ಚುತ್ತದೆ.

ಗುರುತಿಸುವುದು ಹೇಗೆ?

ರಕ್ತಪರೀಕ್ಷೆಯಿಂದಾಗಲಿ, ಸ್ಕ್ಯಾನಿಂಗ್‌ನಿಂದಾಗಲಿ ಎಡಿಎಚ್‌ಡಿ ಪತ್ತೆಯಾಗುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ತೋರಿರಬೇಕು, ಕನಿಷ್ಠ 6 ತಿಂಗಳು ಮುಂದುವರಿದಿರಬೇಕು ಮತ್ತು ಮನೆ, ಶಾಲೆ ಹೀಗೆ ಎರಡು ಕಡೆಗಳಲ್ಲಾದರೂ ಕಂಡುಬರಬೇಕು. ಗದ್ದಲ ಮಾಡದೆ ಮೂಲೆಯಲ್ಲಿ ಮೈಮರೆತು ಕೂಡುವ ಮಕ್ಕಳಲ್ಲಿಯೂ ಗಮನ ಕೊರತೆ ಇರಬಹುದು; ಹೆಣ್ಣುಮಕ್ಕಳ ತೊಂದರೆ ಹೀಗೆಯೇ ಕಣ್ತಪ್ಪುವುದುಂಟು. ವೈದ್ಯರಲ್ಲಿಗೆ ಹೋಗುವಾಗ ಶಿಕ್ಷಕರ ಲಿಖಿತ ಅಭಿಪ್ರಾಯ ಹಾಗೂ ಮಗುವಿನ ನೋಟುಪುಸ್ತಕಗಳನ್ನು ಒಯ್ಯುವುದು ಉಪಯುಕ್ತ.

ಮೊದಲ ಹೆಜ್ಜೆ ತಾಲೂಕಿನಲ್ಲಿ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳನ್ನು ವೈದ್ಯಕೀಯ ತಂಡಗಳು ತಪಾಸಿಸುತ್ತವೆ. ಅದರ 30 ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ. ಶಾಲೆಗೆ ತಂಡ ಬಂದಾಗ ಮಗುವಿನ ವಿಷಯವನ್ನು ಪಾಲಕರೇ ಪ್ರಸ್ತಾಪಿಸಬಹುದು.

ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸಲು ರಾಜ್ಯ ಸರ್ಕಾರ 2014ರಲ್ಲಿ 'ಮನೋಚೈತನ್ಯ' ಕಾರ್ಯಕ್ರಮವನ್ನು ಆರಂಭಿಸಿತು. ಮನೋವೈದ್ಯರು ಯಾವ ದಿನ ಲಭ್ಯರಿರುತ್ತಾರೆ ಎಂಬುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡೇ ಹೊರಡುವುದು ಲೇಸು. ದೂರ ಹೋಗಲಾಗದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಬೆಳಗಾವಿ, ಧಾರವಾಡದಲ್ಲಿ

ಹೆಚ್ಚಿನ ತಪಾಸಣೆಗೆ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಜಿಲ್ಲಾ ಆಸ್ಪತ್ರೆ ಹಾಗೂ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯ ಮನೋವೈದ್ಯ ವಿಭಾಗಗಳಿವೆ. ಉತ್ತರ ಕರ್ನಾಟಕದ ಪ್ರಮುಖ ಸರ್ಕಾರಿ ಕೇಂದ್ರ ಧಾರವಾಡದ ಡಿಮ್ಹಾನ್ಸ್. ಜಟಿಲ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ.

ಕೇಳಬೇಕಾದ ಪ್ರಶ್ನೆಗಳು

ಔಷಧ ಬರೆದುಕೊಡುವವರು ಮನೋವೈದ್ಯರು. ಪರೀಕ್ಷೆ ಹಾಗೂ ವರ್ತನಾ ಚಿಕಿತ್ಸೆ ನೀಡುವವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಎರಡನೆಯವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. 'ಕೌನ್ಸೆಲರ್' ಎಂಬ ಫಲಕವೊಂದೇ ಅರ್ಹತೆಗೆ ಪುರಾವೆಯಲ್ಲ. ಗಡಿಭಾಗದಲ್ಲಿ ಮನೆಮಾತು ಕನ್ನಡವೋ, ಮರಾಠಿಯೋ, ಉರ್ದುವೋ ಆಗಿರಬಹುದಾದ್ದರಿಂದ ಮಗುವಿನ ಭಾಷೆಯಲ್ಲಿಯೇ ಪರೀಕ್ಷೆ ನಡೆಯುವುದೇ ಎಂದೂ ಕೇಳಬೇಕು.

6 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಪಾಲಕರ ತರಬೇತಿಯೇ ಮೊದಲ ಚಿಕಿತ್ಸೆ. ದೊಡ್ಡ ಮಕ್ಕಳಿಗೆ ಅಗತ್ಯವಿದ್ದಲ್ಲಿ ಮಿಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸಿಟೀನ್ ನೀಡಲಾಗುತ್ತದೆ. ವೈದ್ಯರನ್ನು ಕೇಳದೆ ಇವನ್ನು ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಸಲ್ಲದು.

ಕಾನೂನು ಏನನ್ನುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ. ಇವೆರಡೂ ಒಂದೇ ಮಗುವಿನಲ್ಲಿ ಇರುವುದು ಅಪರೂಪವಲ್ಲ. ಆದ್ದರಿಂದ ಕಲಿಕೆಯ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿಕೊಳ್ಳುವುದು ಸೂಕ್ತ. ಸರ್ಕಾರಿ ವೆಚ್ಚದಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ನೀಡಿರುವ ಹಕ್ಕಾಗಿದೆ.