ಗೆಲ್ಲೋರು ಏಳಿ, ಸೋಲೋರು ಕೂತ್ಕೊಳ್ಳಿ

ದೀಪಾವಳಿ ಬಂತೆಂದರೆ ಮಲೆನಾಡಿನ ನಮ್ಮೂರಲ್ಲಿ ಜಗಲಿ ತುಂಬಾ ಇಸ್ಪೀಟು. ನನ್ನ ದೊಡ್ಡ ಮಾವ ರಮ್ಮಿಗೆ ಕೂತರೆ ಯಾರು ಯಾವ ಎಲೆ ಎಸೆದರು, ಯಾವುದನ್ನ ಎತ್ತಿಕೊಂಡರು ಅನ್ನೋದೆಲ್ಲ ತಲೆಯಲ್ಲೇ ಇಟ್ಕೊಳ್ಳೋರು. ನಾಲ್ಕು ಆಟ ಗೆದ್ದ ಮೇಲೆ ಜೊತೆಗಾರರು "ಸಾಕು, ಏಳು ಮಾರಾಯ" ಅಂತ ಎಬ್ಬಿಸಿಬಿಡೋರು. ಮೋಸ ಮಾಡ್ತಾರೆ ಅಂತಲ್ಲ, ಗೆಲ್ತಾರೆ ಅಂತ.

ಇದೇ ತಗಾದೆ ಅಮೆರಿಕದಲ್ಲಿ ಕೋರ್ಟು ಹತ್ತಿತ್ತು. ಅದು ಶುರುವಾಗಿದ್ದು ಒಂದು ಪ್ರೋಗ್ರಾಮಿನಿಂದ.

ಎಂಐಟಿಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಎಡ್ವರ್ಡ್ ಥಾರ್ಪ್, ಫೋರ್ಟ್ರಾನ್ ಕಲಿತು, ಐಬಿಎಂ 704 ಕಂಪ್ಯೂಟರಿನಲ್ಲಿ ಬ್ಲ್ಯಾಕ್‌ಜಾಕ್ ಲೆಕ್ಕ ಹಾಕಿದರು. 21 ದಾಟದ ಹಾಗೆ ಡೀಲರ್‌ಗಿಂತ ಹೆಚ್ಚು ಮಾಡಬೇಕು, ಇಷ್ಟೇ ಆಟ. ಆದರೆ ಒಮ್ಮೆ ಆಡಿದ ಎಲೆ ಮತ್ತೆ ಕಲಸುವ ತನಕ ವಾಪಸ್ ಬರಲ್ಲ. ಸಣ್ಣ ಎಲೆಗಳು ಖರ್ಚಾಗಿ ಹತ್ತು, ರಾಜ, ರಾಣಿ, ಎಕ್ಕ ಹೆಚ್ಚು ಉಳಿದರೆ ಆಟಗಾರನಿಗೆ ಲಾಭ. 16 ಇದ್ದರೂ ಇನ್ನೊಂದು ಎಲೆ ಎಳೆಯಲೇಬೇಕಾದ ಡೀಲರ್ ಆಗ 21 ದಾಟಿ ಸೋಲೋದು ಜಾಸ್ತಿ. ಹಾಗಾಗಿ ಎಣಿಸುತ್ತಾ ಇರಿ, ಒಳ್ಳೆ ಸಮಯ ಬಂದಾಗ ದೊಡ್ಡ ಬೆಟ್ ಕಟ್ಟಿ. 1962ರಲ್ಲಿ ಥಾರ್ಪ್ ಇದನ್ನೇ 'ಬೀಟ್ ದ ಡೀಲರ್' ಅಂತ ಪುಸ್ತಕ ಮಾಡಿದರು. ಅದು ಬಿಸಿ ದೋಸೆ ಥರ ಖರ್ಚಾಯ್ತು.

ಕ್ಯಾಸಿನೋಗಳು ಹೆದರಿದವು. 1964ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್ಸಿನವರು ಆಟದ ನಿಯಮವನ್ನೇ ಬಿಗಿ ಮಾಡಿದರು. ಮಾಮೂಲಿ ಗಿರಾಕಿಗಳು ಟೇಬಲ್ ಬಿಟ್ಟು ಎದ್ದುಹೋದ್ರು. ಕೆಲವೇ ವಾರದಲ್ಲಿ ಹಳೇ ನಿಯಮ ವಾಪಸ್ ಬಂತು. ಆಮೇಲೆ ಗೊತ್ತಾಗಿದ್ದೇನಂದ್ರೆ, ಪುಸ್ತಕ ಓದಿದವರು ಬಹಳ, ಸರಿಯಾಗಿ ಎಣಿಸಬಲ್ಲವರು ಬೆರಳೆಣಿಕೆ. 'ನನಗೆ ಬರುತ್ತೆ' ಅಂದುಕೊಂಡು ಬಂದು ಸೋಲೋರಿಂದ ಕ್ಯಾಸಿನೋಗೆ ಲಾಭವೇ ಆಯ್ತು.

ಹಾಗಾಗಿ ಆಟ ಬಿಟ್ಟು ಆಳನ್ನು ಹಿಡಿಯೋಕೆ ಶುರು ಮಾಡಿದರು. ತಲೆಯೊಳಗೆ ಎಣಿಸೋದು ನೆವಾಡದಲ್ಲಿ ಅಪರಾಧ ಅಲ್ಲ. ಆದರೆ ಜಾಗ ಅವರದ್ದು. ಹತ್ತು ಡಾಲರ್ ಕಟ್ಟುತ್ತಿದ್ದವನು ಇದ್ದಕ್ಕಿದ್ದ ಹಾಗೆ ಇನ್ನೂರು ಕಟ್ಟಿದರೆ ಮೇಲಿನ ಕ್ಯಾಮೆರಾ ಅವನ ಮೇಲೆ ತಿರುಗುತ್ತೆ. ಮೊದಲು ಪದೇ ಪದೇ ಎಲೆ ಕಲಸ್ತಾರೆ. ಆಮೇಲೆ ಒಬ್ಬರು ಬಂದು ವಿನಯದಿಂದಲೇ ಹೇಳ್ತಾರೆ: ಬೇರೆ ಯಾವ ಆಟ ಬೇಕಾದ್ರೂ ಆಡಿ, ಬ್ಲ್ಯಾಕ್‌ಜಾಕ್ ಬೇಡ. ಹೊರಗೆ ಹಾಕಿದ ಮೇಲೂ ಬಂದರೆ ಅತಿಕ್ರಮ ಪ್ರವೇಶದ ಕೇಸು. 1967ರಲ್ಲಿ ಶುರುವಾದ ಗ್ರಿಫಿನ್ ಅನ್ನೋ ಪತ್ತೇದಾರಿ ಸಂಸ್ಥೆ ಇಂಥವರ ಫೋಟೋ ಪುಸ್ತಕವನ್ನೇ ಕ್ಯಾಸಿನೋಗಳಿಗೆ ಕೊಡುತ್ತಿತ್ತು. ನಿಜವಾದ ಮೋಸಗಾರರೂ ಎಣಿಸುವವರೂ ಒಂದೇ ಪುಸ್ತಕದಲ್ಲಿ! ಮಾನನಷ್ಟ ಮೊಕದ್ದಮೆಯಲ್ಲಿ ಸೋತ ಆ ಸಂಸ್ಥೆ 2005ರಲ್ಲಿ ದಿವಾಳಿ ಅರ್ಜಿ ಹಾಕಿತು.

ಎದುರು ನಿಂತವರು ಕೆನ್ ಉಸ್ಟನ್. ಷೇರು ವಿನಿಮಯ ಕೇಂದ್ರದ ದೊಡ್ಡ ಹುದ್ದೆ ಬಿಟ್ಟು ಬ್ಲ್ಯಾಕ್‌ಜಾಕಿಗೆ ಇಳಿದಿದ್ದವರು. 1979ರಲ್ಲಿ ಅಟ್ಲಾಂಟಿಕ್ ಸಿಟಿಯ ರಿಸಾರ್ಟ್ಸ್ ಇಂಟರ್‌ನ್ಯಾಷನಲ್ ಕ್ಯಾಸಿನೋ ಅವರನ್ನು ಹೊರಗೆ ಹಾಕಿತು. ಅವರು ಕೇಸು ಹಾಕಿದರು. 1982ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಹೇಳಿತು: ಆಟದ ನಿಯಮ ಮಾಡೋದು ಸರ್ಕಾರದ ಆಯೋಗ. ಎಣಿಸಬಾರದು ಅಂತ ಅದು ಹೇಳಿಲ್ಲ, ಹಾಗಾಗಿ ಕ್ಯಾಸಿನೋ ತಾನೇ ಹೊರಗೆ ಹಾಕುವಂತಿಲ್ಲ. ಉಸ್ಟನ್ ಗೆದ್ದರು. ಕ್ಯಾಸಿನೋಗಳೂ ಸುಮ್ಮನಿರಲಿಲ್ಲ. ಎಂಟು ಕಟ್ಟು ಸೇರಿಸಿ ಆಡಿಸೋದು, ಅರ್ಧಕ್ಕೇ ಕಲಸೋದು ಮಾಮೂಲಾಯ್ತು.

ಇದನ್ನೆಲ್ಲ ಓದುವಾಗ ನಮ್ಮೂರ ಜಗಲಿ ನೆನಪಾಯ್ತು. ಅಲ್ಲೂ ಮಾವನನ್ನ ಎಬ್ಬಿಸ್ತಿದ್ರಲ್ಲ, ಅದೇ ತಾನೇ ಇದು ಅಂದ್ಕೊಂಡೆ. ಆದರೆ ಇನ್ನೊಂದೂ ನೆನಪಾಯ್ತು. ಅಡಿಕೆ ಮಾರಿದ ದುಡ್ಡು ಕಳ್ಕೊಳ್ತಾ ಕೂತವನಿಗೂ "ಏಳೋ, ಮನೇಲಿ ಹೆಂಡ್ತಿ ಮಕ್ಕಳು ಕಾಯ್ತಿದಾರೆ" ಅಂತ ಗದರಿಸಿ ಕಳಿಸೋರು, ಅದೇ ಜನ. ಕ್ಯಾಸಿನೋಗೆ ಅಷ್ಟೆಲ್ಲ ಕ್ಯಾಮೆರಾ ಇದ್ದರೂ ಈ ಎರಡನೆಯವನು ಕಾಣಿಸೋದೇ ಇಲ್ಲ. ಕಂಡರೂ, ಅವನಿಗೆ ಇನ್ನೊಂದು ಡ್ರಿಂಕ್ ಪುಕ್ಕಟೆ.